ಗೇಟಿನೊಳಗಿನ ಗುಡುಗು

ಮೊದಲ ಸಲ ನೋಡಲು ಹೋದ ದಿನವೇ ಆ ಗಂಡು ಕುದುರೆಮರಿ ಸೌದಾಮಿನಿಯ ಭುಜ ಕಚ್ಚಿತು. ಜಾಕೆಟ್ಟಿನ ಮೇಲಿಂದಲೇ ಹಲ್ಲು ಮಾಂಸಕ್ಕಿಳಿಯಿತು. ಅವಳು ಕಿರುಚಲಿಲ್ಲ. ಮುಷ್ಟಿ ಬಿಗಿದು ಅದರ ಮೂತಿಗೆ ಗುದ್ದಿದಳು. ಮರಿ ಹಿಂದಕ್ಕೆ ಸರಿದು, ಕಿವಿ ಮಡಚಿ, ಅವಳನ್ನೇ ದುರುಗುಟ್ಟಿ ನೋಡಿತು. ಒಸರುತ್ತಿದ್ದ ರಕ್ತವನ್ನು ಅಂಗೈಯಲ್ಲಿ ಒತ್ತಿ ಹಿಡಿದುಕೊಂಡೇ ಅವಳು ಮಾರುವವನಿಗೆ, ಇದನ್ನೇ ತೆಗೆದುಕೊಳ್ಳುತ್ತೇನೆ ಅಂದಳು.

ಸೌದಾಮಿನಿ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನಲ್ಲಿ ಓದಿದವಳು. ಅಲ್ಲಿನ ಎನ್‌ಸಿಸಿ ಕುದುರೆ ಸವಾರರ ತಂಡದಲ್ಲಿದ್ದಾಗ ಒಮ್ಮೆ ಬಿದ್ದು ಮೊಣಕೈ ಮುರಿದುಕೊಂಡಿದ್ದಳು. ಬಿದ್ದದ್ದನ್ನು ನೋಡಿ ನಕ್ಕ ಸೀನಿಯರ್‌ಗೆ ಇನ್ನೊಂದು ಕೈಯಲ್ಲಿ ಕೆನ್ನೆಗೆ ಬಾರಿಸಿದ್ದಳು. ಮದುವೆಯಾಗಿ ಅಮೆರಿಕಕ್ಕೆ ಬಂದ ಮೇಲೆ ಇಲ್ಲಿನ ಪಶುವೈದ್ಯರ ಪರೀಕ್ಷೆ ಒಂದಲ್ಲ ಒಂದು ಕಾರಣಕ್ಕೆ ಮುಂದಕ್ಕೆ ಹೋಗುತ್ತಾ ಹೋಗುತ್ತಾ ನಿಂತೇಹೋಯಿತು. ಈಗ ಮಾರ್ಗನ್ ಹಿಲ್‌ನಿಂದ ಸ್ವಲ್ಪ ದಕ್ಷಿಣಕ್ಕಿರುವ ಕುದುರೆಗಳ ಆಸ್ಪತ್ರೆಯಲ್ಲಿ ಸಹಾಯಕಿ. ತನಗಿಂತ ಚಿಕ್ಕ ವಯಸ್ಸಿನ ವೈದ್ಯರು ಸೂಜಿ ಚುಚ್ಚುವಾಗ ಒದೆಯುವ ಕುದುರೆಯನ್ನು ಹಿಡಿದುಕೊಳ್ಳುವುದು ಅವಳ ಕೆಲಸ.

ಗಂಡ ಅಜಿತ್ ಸನ್ನಿವೇಲ್‌ನಲ್ಲಿ ಎಂಜಿನಿಯರು, ಮೆದು ಸ್ವಭಾವದವನು.

"ಬೇರೆಯೋರಿಗೆ ಐವತ್ತಾದ್ರೆ ಯೋಗ ಕ್ಲಾಸಿಗೆ ಸೇರ್ತಾರೆ ಸೌದಾ," ಅಂದ ಅವನು, ಭುಜದ ಬ್ಯಾಂಡೇಜು ನೋಡುತ್ತಾ.

"ನನಗೆ ಓಡೋದು ಬೇಕು," ಅಂದಳು ಅವಳು. "ಒಂದ್ಸಲ ನಂದು ಅಂತ ಒಂದು ಓಡ್ಬೇಕು."

ಮರಿಗೆ ಗುಡುಗು ಎಂದು ಹೆಸರಿಟ್ಟಳು. ಅದು ಕ್ವಾರ್ಟರ್ ಹಾರ್ಸ್ ತಳಿ. ದಪ್ಪ ತೊಡೆ, ಅಗಲ ಎದೆ. ಬೆಂಗಳೂರಿನ ರೇಸಿನ ಕುದುರೆಗಳ ಹಾಗೆ ಇವು ದೂರ ಓಡುವುದಿಲ್ಲ. ಕಾಲು ಮೈಲಿ, ಎಷ್ಟೋ ಸಲ ಅದಕ್ಕಿಂತಲೂ ಕಡಿಮೆ. ನೋಡುವವರು ಎದ್ದು ನಿಲ್ಲುವಷ್ಟರಲ್ಲಿ ಓಟ ಮುಗಿದಿರುತ್ತದೆ. ಹಾಗಾಗಿ ಓಟಕ್ಕೆ ಮುಂಚೆ ಕುದುರೆಗಳನ್ನು ಒಳಗೆ ನಿಲ್ಲಿಸುವ ಕಬ್ಬಿಣದ ಗೇಟು ತೆರೆದ ಕ್ಷಣ ಯಾವುದು ಮೊದಲು ಚಿಮ್ಮುತ್ತದೋ ಅದಕ್ಕೇ ಅರ್ಧ ಗೆಲುವು.

ಮರಿಯನ್ನು ಪಳಗಿಸಲು ಕ್ಲೇಟನ್ ಎಂಬ ತರಬೇತುದಾರನ ಲಾಯಕ್ಕೆ ಬಿಟ್ಟಳು. ಅವನದು ಮೊಂಡು ಕುದುರೆಗಳನ್ನು ದಾರಿಗೆ ತರುತ್ತಾನೆ ಎಂಬ ಹೆಸರು. ಬೆಳಗಿನ ಅಭ್ಯಾಸ ನೋಡಲು ಹೋದಾಗಲೆಲ್ಲ ಗುಡುಗು ಗೇಟಿನಿಂದ ತಡವಾಗಿ, ಸೋಮಾರಿಯಂತೆ ಹೊರಬರುತ್ತಿತ್ತು. ಅವಳಿಗೆ ಸಿಟ್ಟು ಬಂತು.

"ಏನು ಬೇಕಾದರೂ ಮಾಡು," ಎಂದು ಇಂಗ್ಲಿಷಿನಲ್ಲಿ ಕ್ಲೇಟನ್‌ಗೆ ಹೇಳಿದಳು. "ಗೇಟು ತೆಗೆದರೆ ಅದು ಗುಂಡಿನ ಹಾಗೆ ಹಾರಬೇಕು."

ಅವನು ಹ್ಯಾಟು ಸರಿಮಾಡಿಕೊಂಡು ತಲೆಯಾಡಿಸಿದ. ಮುಂದಿನ ತಿಂಗಳು ಗುಡುಗು ನಿಜಕ್ಕೂ ಹಾರತೊಡಗಿತು. ಹೇಗೆ ಎಂದು ಅವಳು ಕೇಳಲಿಲ್ಲ.

ಮೊದಲ ಓಟ ಬೆಟ್ಟಗಳಾಚೆಯ ಕಣಿವೆಯ ಊರೊಂದರಲ್ಲಿ. ಬಿಸಿಲು ಮಧ್ಯಾಹ್ನ, ಗಾಳಿಯಲ್ಲಿ ಒಣಹುಲ್ಲಿನ ಧೂಳು. ಸ್ಯಾನ್ ಹೊಸೆಯಲ್ಲಿ ಕಾಲೇಜು ಓದುತ್ತಿದ್ದ ಮಗಳು ಲಾಸ್ಯಾ ಕೂಡ ಬಂದಿದ್ದಳು. ಧ್ವನಿವರ್ಧಕದಲ್ಲಿ ಕುದುರೆಯ ಹೆಸರನ್ನು "ಗೂಡೂಗೂ" ಎಂದಾಗ ತಾಯಿ ಮಗಳು ಇಬ್ಬರೂ ನಕ್ಕರು.

ಗೇಟು ಹತ್ತಿರವಾಗುತ್ತಿದ್ದಂತೆ ಗುಡುಗು ನಡುಗತೊಡಗಿತು. ಮೈಯೆಲ್ಲ ಬೆವರಿನ ನೊರೆ. ನಾಲ್ಕು ಗಂಡಸರು ಕೈಗೆ ಕೈ ಹೆಣೆದು ಹಿಂದಿನಿಂದ ಅದನ್ನು ಒಳಗೆ ತಳ್ಳಿ ಬಾಗಿಲು ಹಾಕಿದರು. ಒಂದು ಕ್ಷಣ ಸುಮ್ಮನಿತ್ತು. ಆಮೇಲೆ ಅದು ಮುಂಗಾಲೆತ್ತಿ ನೆಟ್ಟಗೆ ನಿಂತು, ಕಬ್ಬಿಣಕ್ಕೆ ತಲೆ ಚಚ್ಚಿಕೊಂಡು, ಹಿಂದಕ್ಕೆ ಉರುಳಿಬಿತ್ತು. ಮೇಲೆ ಕೂತಿದ್ದ ಜಾಕಿ ಎಸ್ತೆಬಾನ್ ಅದರ ಬೆನ್ನಿಗೂ ಬಾಗಿಲ ಸರಳಿಗೂ ನಡುವೆ ಸಿಕ್ಕಿಕೊಂಡ. ಮೂಳೆ ಮುರಿದ ಸದ್ದು ಜನ ನಿಂತಿದ್ದ ಕಟಕಟೆಯವರೆಗೆ ಕೇಳಿಸಿತು. ಕುದುರೆ ಒದ್ದಾಡಿದ ಹಾಗೆಲ್ಲ ಅವನು ಇನ್ನಷ್ಟು ಜಜ್ಜಿಹೋಗುತ್ತಿದ್ದ. ಅವನ ಕೂಗು ನಿಂತದ್ದು ಪ್ರಜ್ಞೆ ತಪ್ಪಿದ ಮೇಲೆಯೇ.

ಸೌದಾಮಿನಿ ಕಟಕಟೆಯ ಕೆಳಗೆ ನುಸುಳಿ ಓಡಿದಳು. ಅಷ್ಟರಲ್ಲಿ ಎಸ್ತೆಬಾನ್‌ನನ್ನು ಎಳೆದು ಆಂಬುಲೆನ್ಸಿಗೆ ಹಾಕುತ್ತಿದ್ದರು. ಗುಡುಗನ್ನು ಓಟದಿಂದ ಹೊರಗಿಟ್ಟರು. ಹಣೆ ಸೀಳಿ ಒಂದು ಕಣ್ಣಿನೊಳಕ್ಕೆ ರಕ್ತ ಹರಿಯುತ್ತಿದ್ದ ಕುದುರೆಯನ್ನು ಅವಳೇ ಮೈದಾನದ ಲಾಯಕ್ಕೆ ನಡೆಸಿಕೊಂಡು ಹೋದಳು.

ಅಲ್ಲಿ ನೀರು ಹುಯ್ದು ತೊಳೆಯುವಾಗ ಕತ್ತಿನ ಬಲಗಡೆಯ ಕೇಸರದ ಕೆಳಗೆ ಬೆರಳಿಗೆ ಏನೋ ತಗುಲಿತು. ಕೂದಲು ಸರಿಸಿ ನೋಡಿದಳು. ಚರ್ಮದ ಮೇಲೆ ಪಕ್ಕಪಕ್ಕದಲ್ಲಿ ಎರಡೆರಡಾಗಿ ಸುಟ್ಟ ಕಲೆಗಳು. ಕೆಲವು ಹಳೆಯವು, ಕೆಲವು ಇನ್ನೂ ಹಸಿ. ಅಂಗೈಯಲ್ಲಿ ಅಡಗಿಸಿಕೊಳ್ಳಬಹುದಾದ ಶಾಕ್ ಕೊಡುವ ಯಂತ್ರದ ಗುರುತು ಅದು. ಆಸ್ಪತ್ರೆಯಲ್ಲಿ ಒಮ್ಮೆ ನೋಡಿದ್ದಳು. ಗೇಟು ತೆರೆಯುವಾಗ ಅದನ್ನು ಒತ್ತಿದರೆ ಕುದುರೆ ಉರಿಗೆ ಬೆದರಿ ಚಿಮ್ಮುತ್ತದೆ. ದಿನಾ ಒತ್ತಿದರೆ ಗೇಟು ಕಂಡರೇ ಸಾಕು, ಹುಚ್ಚಾಗುತ್ತದೆ.

ಕ್ಲೇಟನ್ ಬಂದ. ಕೈಯಲ್ಲಿ ಸರಪಳಿಯಿದ್ದ ಹಗ್ಗ.

"ಇದೇನು?" ಎಂದು ಅವಳು ಕಲೆಗಳನ್ನು ತೋರಿಸಿದಳು.

"ಏನು ಬೇಕಾದರೂ ಮಾಡು ಅಂದವಳು ನೀನೇ," ಅಂದ ಅವನು. "ಈ ದರಿದ್ರ ಪ್ರಾಣಿ ನನ್ನ ಜಾಕಿಯನ್ನು ಮುಗಿಸಿತು."

ಅಷ್ಟು ಹೇಳಿ ಸರಪಳಿಯನ್ನು ಬೀಸಿ ಕುದುರೆಯ ಮುಖಕ್ಕೆ ಹೊಡೆದ. ಸೀಳಿದ ಹಣೆಯ ಮೇಲೇ ಬಿತ್ತು ಏಟು. ಗುಡುಗು ಗೋಡೆಗೆ ಅಪ್ಪಳಿಸಿತು. ಅವನು ಮತ್ತೆ ಕೈ ಎತ್ತಿದಾಗ ಸೌದಾಮಿನಿ ಮೂಲೆಯಲ್ಲಿದ್ದ ಲದ್ದಿ ಎತ್ತುವ ಸಲಿಕೆಯನ್ನು ಎರಡೂ ಕೈಯಲ್ಲಿ ಹಿಡಿದು ಅವನ ಮುಂಗೈಗೆ ಬೀಸಿದಳು. ಸರಪಳಿ ಕೆಳಗೆ ಬಿತ್ತು. ಕೈ ಎಲ್ಲಿ ಬಾಗಬಾರದೋ ಅಲ್ಲಿ ಬಾಗಿತ್ತು. ಅವನು ಮಂಡಿಯೂರಿದ ಮೇಲೂ ಅವಳು ನಿಲ್ಲಿಸಲಿಲ್ಲ. ಬೆನ್ನಿಗೆ ಇನ್ನೊಂದು ಹಾಕಿದಳು. ಮೂರನೆಯದಕ್ಕೆ ಎತ್ತಿದಾಗ ಹಿಂದಿನಿಂದ ಲಾಸ್ಯಾ ಸೊಂಟ ಹಿಡಿದು ಎಳೆದಳು.

"ಅಮ್ಮಾ, ಸ್ಟಾಪ್! ಯೂ ವಿಲ್ ಕಿಲ್ ಹಿಮ್!"

"ಬಿಡೇ ನನ್ನ!" ಎಂದು ಅವಳು ಮಗಳನ್ನು ಮೊಣಕೈಯಲ್ಲಿ ತಳ್ಳಿದಳು. ಲಾಸ್ಯಾಳ ತುಟಿ ಒಡೆಯಿತು. ಆ ರಕ್ತ ಕಂಡಾಗಲೇ ಸಲಿಕೆ ಅವಳ ಕೈಯಿಂದ ಜಾರಿದ್ದು.

ಪೊಲೀಸರು ಬೇಡಿ ಹಾಕಿ ಕರೆದುಕೊಂಡು ಹೋದರು. ಅಜಿತ್ ಬಂದು ಬಿಡಿಸಿಕೊಂಡು ಬಂದ. ಲಾಸ್ಯಾ ಕಾರಿನ ಹಿಂದಿನ ಸೀಟಿನಲ್ಲಿ ತುಟಿಗೆ ಐಸು ಒತ್ತಿಕೊಂಡು ಕೂತಿದ್ದಳು. ಕೋರ್ಟಿನಲ್ಲಿ ಸೌದಾಮಿನಿ ತಪ್ಪೊಪ್ಪಿಕೊಂಡಳು. ಜೈಲು ತಪ್ಪಿತು, ಕೋಪ ಹತೋಟಿಯಲ್ಲಿಡುವ ತರಗತಿಗೆ ಹೋಗಬೇಕಾಯಿತು. ರೇಸಿನ ಅಧಿಕಾರಿಗಳು ಕುದುರೆಯನ್ನು ರೇಸಿಗೆ ಬಿಡುವ ಅವಳ ಪರವಾನಗಿಯನ್ನು ಒಂದು ವರ್ಷ ತಡೆಹಿಡಿದರು. ಕ್ಲೇಟನ್‌ನದನ್ನು ರದ್ದೇ ಮಾಡಿದರು.

ಸನ್ನಿವೇಲ್‌ನ ದೇವಸ್ಥಾನದಲ್ಲಿ ಮೈಸೂರಿನ ಸತ್ಯವತಿ ಆಂಟಿ ಪಕ್ಕಕ್ಕೆ ಕರೆದು ಮೆಲ್ಲಗೆ ಕೇಳಿದರು: "ಏನಮ್ಮಾ, ಪೊಲೀಸ್ನೋರು ಬಂದಿದ್ರಂತೆ? ಏನೋ ತಪ್ಪು ತಿಳ್ಕೊಂಡಿರ್ಬೇಕು ಅಲ್ವಾ?"

"ಇಲ್ಲ ಆಂಟಿ, ಸರಿಯಾಗೇ ತಿಳ್ಕೊಂಡ್ರು," ಅಂದಳು ಸೌದಾಮಿನಿ. "ಒಬ್ಬನ ಕೈ ಮುರಿದೆ."

ಎಸ್ತೆಬಾನ್‌ನ ಸೊಂಟದ ಮೂಳೆಗೆ ಲೋಹದ ಪಟ್ಟಿ ಹಾಕಿದ್ದರು. ನೋಡಲು ಹೋದಾಗ ಅವನು ಅವಳ ಮುಖ ನೋಡದೆ, "ಅಭ್ಯಾಸದಲ್ಲಿ ಆ ಯಂತ್ರ ನನ್ನ ಕೈಯಲ್ಲೇ ಇರುತ್ತಿತ್ತು," ಅಂದ. ಅವಳ ಕೈ ತಾನಾಗಿ ಮುಷ್ಟಿಯಾಯಿತು. ಮಂಚದ ಆಚೆ ಅವನ ಹೆಂಡತಿ ಅವನಿಗೆ ಸೂಪು ಕುಡಿಸುತ್ತಿದ್ದಳು. "ಮಾಡಿಸಿದ್ದು ನಾನು," ಅಂದಳು ಸೌದಾಮಿನಿ.

ಪರವಾನಗಿ ಮರಳಿ ಬರುವವರೆಗೆ ಗುಡುಗು ಆಸ್ಪತ್ರೆಯ ಹತ್ತಿರದ ಬಾಡಿಗೆ ಲಾಯದಲ್ಲಿತ್ತು. ಅವಳು ಬೆಳಗಿನ ಹೊತ್ತು ಅದನ್ನು ಅಭ್ಯಾಸದ ಗೇಟಿನ ಬಳಿಗೆ ಕರೆದೊಯ್ದು, ಹುಲ್ಲು ತಿನ್ನಿಸಿ, ವಾಪಸು ತರುತ್ತಿದ್ದಳು. ಒಂದು ದಿನ ಅವಸರಪಟ್ಟು ಹಗ್ಗ ಜಗ್ಗಿದಳು. ಅದು ತಿರುಗಿ ಎರಡೂ ಹಿಂಗಾಲಿನಲ್ಲಿ ಒದ್ದದ್ದಕ್ಕೆ ಅವಳ ಪಕ್ಕೆಲುಬುಗಳು ಮುರಿದವು. ಉಸಿರು ಸಿಗದೆ ಮಣ್ಣಲ್ಲಿ ಬಿದ್ದಿದ್ದಳು. ಪಕ್ಕದಲ್ಲೇ ಚಾವಟಿ ಇತ್ತು. ಅದನ್ನು ಮುಟ್ಟಲಿಲ್ಲ.

ಮುಂದಿನ ಬೇಸಿಗೆ ಹೊಸ ತರಬೇತುದಾರ, ಹೊಸ ಜಾಕಿ, ಅದೇ ಓಟದ ಮೈದಾನ. ಗುಡುಗು ತಾನಾಗಿಯೇ ಗೇಟಿನೊಳಕ್ಕೆ ಹೋಯಿತು. ನಡುಗುತ್ತಿತ್ತು, ಆದರೆ ನಿಂತಿತ್ತು. ಸೌದಾಮಿನಿ ಕಟಕಟೆಯನ್ನು ಬಿಗಿಯಾಗಿ ಹಿಡಿದಳು. ಗಂಟೆ ಬಾರಿಸಿತು, ಬಾಗಿಲುಗಳು ಧಡಾರನೆ ತೆರೆದವು. ಮಿಕ್ಕ ಕುದುರೆಗಳು ಮಣ್ಣು ಚಿಮ್ಮಿಸುತ್ತಾ ಹೋದವು.

ಗುಡುಗು ನಿಂತಲ್ಲೇ ನಿಂತಿತ್ತು. ಎದುರಿಗೆ ಬಾಗಿಲು ಹಾರುಹೊಡೆದಿತ್ತು, ಖಾಲಿ ದಾರಿ ಬಿದ್ದಿತ್ತು. ಜಾಕಿ ಹಿಮ್ಮಡಿಯಿಂದ ತಿವಿದ. ಅದು ಕದಲಲಿಲ್ಲ. ಜನ ನಗತೊಡಗಿದರು. ಗೇಟಿನ ಆಳೊಬ್ಬ ಹಿಂದಿನಿಂದ ಬೆಲ್ಟು ಎತ್ತಿದ.

"ಹೊಡೀಬೇಡ್ವೋ! ಮುಟ್ಟಿದ್ರೆ ಸಾಯಿಸ್ಬಿಡ್ತೀನಿ!" ಎಂದು ಅವಳು ಕನ್ನಡದಲ್ಲೇ ಅರಚಿದಳು. ಮಾತು ತಿಳಿಯದಿದ್ದರೂ ದನಿ ತಿಳಿಯಿತು. ಆಳು ಬೆಲ್ಟು ಇಳಿಸಿದ. ಅಷ್ಟರಲ್ಲಿ ಓಟವೇ ಮುಗಿದಿತ್ತು.

ಅಧಿಕಾರಿಗಳು ಗುಡುಗನ್ನು ಇನ್ನು ಓಡಿಸುವಂತಿಲ್ಲ ಎಂದರು. ಮೇಲ್ಮನವಿ ಹಾಕೋಣವೇ ಎಂದು ತರಬೇತುದಾರ ಕೇಳಿದಾಗ ಅವಳು ಬೇಡವೆಂದು ತಲೆಯಲ್ಲಾಡಿಸಿದಳು. ಕಾರಿನ ಬಾಗಿಲಲ್ಲಿ ನಿಂತು ಅತ್ತಳು, ಸೋತದ್ದಕ್ಕೋ ಇನ್ನು ಗೇಟಿಗೆ ಹೋಗಬೇಕಾಗಿಲ್ಲ ಎಂಬುದಕ್ಕೋ ಅವಳಿಗೇ ಗೊತ್ತಾಗಲಿಲ್ಲ. ಅಜಿತ್ ನೀರಿನ ಬಾಟಲಿ ಹಿಡಿದು ಪಕ್ಕದಲ್ಲಿ ನಿಂತಿದ್ದ.

ಕ್ಲೇಟನ್ ಬೇರೆ ರಾಜ್ಯಕ್ಕೆ ಹೋಗಿ ಮತ್ತೆ ಕುದುರೆ ಪಳಗಿಸುತ್ತಿದ್ದಾನಂತೆ. ಎಸ್ತೆಬಾನ್ ಈಗ ಗೋದಾಮೊಂದರಲ್ಲಿ ಕುಳಿತು ಮಾಡುವ ಕೆಲಸದಲ್ಲಿದ್ದಾನೆ. ಗುಡುಗು ಹುಲ್ಲುಗಾವಲಿನಲ್ಲಿದೆ. ಬಲಗಡೆಯಿಂದ ಯಾರೇ ಹತ್ತಿರ ಬಂದರೂ ಒದೆಯುತ್ತದೆ. ಸೌದಾಮಿನಿ ಹೆಲ್ಮೆಟ್ ಹಾಕಿಕೊಂಡು ಎಡಗಡೆಯಿಂದ ಹೋಗಿ ಹುಲ್ಲು ಹಾಕುತ್ತಾಳೆ. ಒಮ್ಮೊಮ್ಮೆ ಲಾಸ್ಯಾ ಬೇಲಿಯ ಆಚೆ ನಿಂತಿರುತ್ತಾಳೆ.

"ಅಮ್ಮಾ, ಹೀ ಈಸ್ ನೆವರ್ ಗೋಯಿಂಗ್ ಟು ಲೈಕ್ ಯೂ," ಅಂದಳು ಮೊನ್ನೆ.

"ಇಷ್ಟಪಡ್ಲಿ ಅಂತ ನಾನು ಕೇಳಿದ್ನಾ?" ಅಂದಳು ತಾಯಿ. "ಆ ಬಕೆಟ್ ಕೊಡಿಲ್ಲಿ. ಹುಷಾರು, ಆ ಕಡೆಯಿಂದ ಬರ್ಬೇಡ."