ಹಳ್ಳದಾಚೆಯ ಒಂದು ಕೈ

ಡಾಗ್ನಿಯ ಅಕ್ಷರ ಚೆನ್ನಾಗಿತ್ತು. ಅವಳಿಗೆ ಆದದ್ದಕ್ಕೆಲ್ಲ ಅದೇ ಮೂಲ ಎಂದರೂ ತಪ್ಪಿಲ್ಲ. ಏಳು ವರ್ಷ ಶಾಲೆಗೆ ಹೋಗಿ, ಹದಿನಾಲ್ಕಕ್ಕೆ ಮೀನು ಕಾರ್ಖಾನೆ ಸೇರಿ, ಬೆರಳು ಸೆಟೆಯುವ ತಣ್ಣೀರಿನಲ್ಲಿ ಮೀನಿನ ಹೊಟ್ಟೆ ಸೀಳುತ್ತ ಬೆಳೆದವಳು. ಆದರೆ ಪೆನ್ನು ಹಿಡಿದರೆ ಮುತ್ತು ಪೋಣಿಸಿದ ಹಾಗೆ ಬರೆಯುತ್ತಿದ್ದಳು. ಲಿಂಗ್‌ಬೆಕ್ ಊರಿನಲ್ಲಿ ಯಾವ ಸಂಘ ಹುಟ್ಟಿದರೂ ಬರವಣಿಗೆಯ ಕೆಲಸ ಅವಳ ಪಾಲಿಗೇ ಬರುತ್ತಿತ್ತು. ಗಾಳಿಗಿರಣಿ ಸಂಘದ್ದೂ ಹಾಗೇ ಬಂತು.

ಮನೆ ಕಾಯಿಸುವ ಎಣ್ಣೆಯ ಬೆಲೆ ಏರಿದಾಗ ಊರಿನ ಅರ್ಧ ಮನೆಗಳು ಕರೆಂಟಿನ ಹೀಟರಿಗೆ ಬದಲಾಗಿದ್ದವು. ಆಮೇಲೆ ಕರೆಂಟೂ ಏರಿತು. ಡಾಗ್ನಿ ಇದ್ದದ್ದು ಹೊಲದ ಅಂಚಿನ ಸಣ್ಣ ಬಾಡಿಗೆ ಮನೆಯಲ್ಲಿ. ಗಂಡ ವಿಗ್ಗೋ ಕಡಲಿಗೆ ಹೋದವನು ತಿರುಗಿ ಬಂದಿರಲಿಲ್ಲ. ಪಡುವಣ ಗಾಳಿ ಕಿಟಕಿಯ ಸಂದಿನಿಂದ ನುಗ್ಗಿ ಹಾಸಿಗೆಯವರೆಗೂ ಬರುತ್ತಿತ್ತು. ಚಳಿಗಾಲದಲ್ಲಿ ಒಂದೇ ಕೋಣೆಯನ್ನು ಬೆಚ್ಚಗಿಟ್ಟುಕೊಂಡು, ಕೋಟು ಹಾಕಿಕೊಂಡೇ ಆಲೂಗಡ್ಡೆ ಸುಲಿಯುತ್ತಿದ್ದಳು. ಆದರೂ ಬಿಲ್ಲು ಬಂದರೆ ಒಂದೆರಡು ದಿನ ಲಕೋಟೆ ಒಡೆಯದೆ ಇಡುತ್ತಿದ್ದಳು.

ಕಾರ್ಖಾನೆಯಲ್ಲಿ ಅವಳ ಎದುರಿಗೆ ನಿಂತು ಮೀನು ಸೀಳುತ್ತಿದ್ದವಳು ಥೋರಾ. ಬಾಯಿ ತೆರೆದರೆ ಇಡೀ ಸಾಲು ಕೆಲಸ ಬಿಟ್ಟು ನಗಬೇಕು, ಅಂಥವಳು. ಪಕ್ಕದ ಸೀಮೆಯವರು ತಾವೇ ಚಂದಾ ಹಾಕಿ ಗಾಳಿಗಿರಣಿ ನಿಲ್ಲಿಸಿದ್ದಾರೆ, ಅದರ ಕರೆಂಟು ಮಾರಿದ ದುಡ್ಡಿನಿಂದ ಮನೆ ಮನೆಯ ಬಿಲ್ಲು ತೀರುತ್ತಿದೆ ಎಂಬ ಸುದ್ದಿಯನ್ನು ಮೊದಲು ತಂದವಳು ಅವಳೇ.

"ಇಷ್ಟು ವರ್ಷ ಈ ಗಾಳಿ ನಮ್ಮ ಟೋಪಿ ಹಾರಿಸಿದ್ದೇ ಬಂತು ಕಣೇ," ಎಂದಳು. "ಇನ್ಮೇಲೆ ನಮ್ಮ ಕಾಫಿ ನೀರು ಕಾಯಿಸ್ಲಿ."

ಆ ಚಳಿಗಾಲವೆಲ್ಲ ಇಬ್ಬರೂ ಸೈಕಲ್ಲಿನಲ್ಲಿ ಮನೆ ಮನೆ ಸುತ್ತಿದರು. ಥೋರಾ ಮಾತಾಡುತ್ತಿದ್ದಳು, ಡಾಗ್ನಿ ಬರೆದುಕೊಳ್ಳುತ್ತಿದ್ದಳು. ಜಿಪುಣ ಬಡಗಿಯೊಬ್ಬ ಬಾಗಿಲು ಅರ್ಧ ತೆರೆದು ಕೇಳಿದ: "ಗಾಳಿ ನಿಂತ್ಹೋದ್ರೆ ನನ್ನ ದುಡ್ಡಿನ ಗತಿ?"

"ನಮ್ಮೂರಲ್ಲಿ ಗಾಳಿ ನಿಲ್ಲೋದು, ನಿನ್ನ ಕಿಸೆಯಿಂದ ದುಡ್ಡು ಹೊರಗೆ ಬರೋದು, ಎರಡೂ ಅಷ್ಟೇ ಅಪರೂಪ ಬಿಡಪ್ಪ," ಎಂದಳು ಥೋರಾ. ಒಳಗಿದ್ದ ಅವನ ಹೆಂಡತಿ ನಕ್ಕುಬಿಟ್ಟಳು. ಬಡಗಿ ಎರಡು ಪಾಲಿಗೆ ಸಹಿ ಹಾಕಿದ.

ಊರಿನ ದೊಡ್ಡ ರೈತ ವಿಲ್ಲಾಡ್ಸ್ ಹೊಲದ ಮೂಲೆಯೊಂದನ್ನು ಗೇಣಿಗೆ ಕೊಟ್ಟ. ಗಿರಣಿ ಅಲ್ಲಿರುವವರೆಗೂ ಆ ನೆಲ ಸಂಘದ್ದು ಎಂದು ಬರೆದುಕೊಟ್ಟು ತಾನೇ ಅಧ್ಯಕ್ಷನಾದ. ಡಾಗ್ನಿಯ ಬಾಡಿಗೆ ಮನೆಯೂ ಅವನದೇ, ಆ ಮೂಲೆಗೆ ಹತ್ತಿದಂತೆಯೇ ಇತ್ತು. ಕಮ್ಮಾರ ಅಕ್ಸೆಲ್ ಗೋಪುರ ಬೆಸೆದ. ಥೋರಾಳ ಅಡುಗೆಮನೆಯ ಮೇಜಿನ ಮುಂದೆ ಕುಳಿತು ಡಾಗ್ನಿ ನಿಯಮಗಳನ್ನು ಬರೆದಳು. ಯಾರಿಗೆ ಎಷ್ಟೇ ಪಾಲಿರಲಿ, ಸಭೆಯಲ್ಲಿ ಎತ್ತಲು ಒಂದೇ ಕೈ. ಗಿರಣಿಯನ್ನು ಮಾರಬೇಕಾದರೆ ಸಭೆಗೆ ಬಂದವರಲ್ಲಿ ನಾಲ್ವರಿಗೆ ಮೂವರು ಒಪ್ಪಬೇಕು. ಇನ್ನೊಂದನ್ನು ಥೋರಾ ಹೇಳಿ ಬರೆಸಿದಳು.

"ನಮ್ಮ ಚರ್ಚಿನ ಸೀಮೇಲಿ ಒಲೆ ಹಚ್ಚೋರಿಗೆ ಮಾತ್ರ ಪಾಲು ಅಂತ ಬರಿ. ಸೀಮೆ ಬಿಟ್ಟೋರು ಪಾಲನ್ನ ಇಲ್ಲೇ ಮಾರಿ ಹೋಗ್ಬೇಕು. ಇಲ್ದಿದ್ರೆ ನಾಳೆ ಪಟ್ಟಣದೋರು ಬಂದು ಬಾಚ್ಕೊಂಡು ಹೋಗ್ತಾರೆ."

ಡಾಗ್ನಿ ಬರೆದಳು. ಕೆಳಗೆ ಗೆರೆಯನ್ನೂ ಎಳೆದಳು.

ಗಿರಣಿ ತಿರುಗಿತು. ಡಾಗ್ನಿಯ ಕಿಟಕಿಗೆ ಅದರ ರೆಕ್ಕೆಯ ನೆರಳು ಬೀಳುತ್ತಿತ್ತು, ಮಲಗಿದರೆ ಹುಸ್ ಹುಸ್ ಎಂಬ ಸದ್ದು. ಬಂದವರು ಈ ಸದ್ದಿನಲ್ಲಿ ಹೇಗೆ ನಿದ್ದೆ ಬರುತ್ತದೆ ನಿನಗೆ ಎಂದರೆ, "ದನದ ಕೊಟ್ಟಿಗೆ ಪಕ್ಕ ಮಲಗಿದ್ರೆ ದನ ಉಸಿರಾಡಲ್ವಾ?" ಎನ್ನುತ್ತಿದ್ದಳು. ಪ್ರತಿ ವಸಂತದಲ್ಲಿ ಗಾಳಿಯ ದುಡ್ಡು ಬರುತ್ತಿತ್ತು, ಚಳಿಗಾಲದ ಬಿಲ್ಲು ಅದರಲ್ಲೇ ಮುಗಿಯುತ್ತಿತ್ತು. ಎರಡನೆಯ ಕೋಣೆಗೂ ಹೀಟರು ಹಾಕಿಸಿದಳು. ಮನೆಯೊಳಗೆ ಕೋಟು ಬಿಚ್ಚಿ ಕೂತ ಮೊದಲ ಜನವರಿಯ ಸಂಜೆ ಒಬ್ಬಳೇ ನಕ್ಕಳು.

ಏಳು ವರ್ಷ ಹೀಗೇ ಹೋಯಿತು. ಎಂಟನೆಯ ವರ್ಷ ಥೋರಾಳ ಗಂಡ ತೀರಿಕೊಂಡ. ದೊಡ್ಡ ಮನೆ ನಿಭಾಯಿಸಲಾಗದೆ ಅವಳು ಅದನ್ನು ಮಾರಿ ಹಳ್ಳದ ಆಚೆ ದಡದಲ್ಲಿ ಪುಟ್ಟ ಮನೆ ಹಿಡಿದಳು. ಹಳ್ಳ ಎಂದರೆ ಮಕ್ಕಳು ಜಿಗಿದು ದಾಟುವಷ್ಟು. ಆದರೆ ಊರ ಚರ್ಚಿನ ಸೀಮೆ ಅಲ್ಲಿಗೆ ಮುಗಿಯುತ್ತಿತ್ತು, ಆಚೆ ದಡ ಬೇರೆ ಚರ್ಚಿಗೆ ಸೇರಿದ್ದು.

ವಾರ್ಷಿಕ ಸಭೆಯ ದಿನ ಎಂದಿನಂತೆ ಎಲ್ಲರೂ ನಿಂತು ಒಂದು ಹಾಡು ಹಾಡಿ ಕುಳಿತರು. ಥೋರಾ ತನ್ನ ಮಾಮೂಲಿ ಜಾಗದಲ್ಲೇ ಕೂತಿದ್ದಳು. ಯಾರೋ ಕೆಮ್ಮಿದರು. ವಿಲ್ಲಾಡ್ಸ್ ಕನ್ನಡಕ ತೆಗೆದು ಒರೆಸುತ್ತ, "ಥೋರಾ ಪಾಲಿನ ವಿಷಯ ಒಂದಿದೆ. ನಿಯಮ ಬರೆದೋಳು ಡಾಗ್ನಿ, ಅವಳೇ ಹೇಳ್ಲಿ," ಎಂದು ಕೈ ತೊಳೆದುಕೊಂಡ.

ಡಾಗ್ನಿಗೆ ಗೊತ್ತಿತ್ತು, ತಾನು ಸುಮ್ಮನಿದ್ದಿದ್ದರೆ ಸಭೆಯೂ ಸುಮ್ಮನಿರುತ್ತಿತ್ತು. ಆದರೆ ಹಿಂದಿನ ವರ್ಷವಷ್ಟೇ ಊರು ಬಿಟ್ಟ ಶಾಲಾ ಮಾಸ್ತರರ ಪಾಲನ್ನು ಇದೇ ನಿಯಮ ಓದಿ ಮಾರಿಸಿದ್ದಳು. ಗೆಳತಿಗೊಂದು ನ್ಯಾಯ, ಮಾಸ್ತರರಿಗೊಂದು ನ್ಯಾಯ ಎಂದು ಯಾರಾದರೂ ಆಡಿಕೊಂಡರೆ? ಹೊಲ ಮನೆ ಯಾವುದೂ ಅವಳದಲ್ಲ. ಊರಿನಲ್ಲಿ ಅವಳಿಗಿದ್ದ ಆಸ್ತಿಯೆಂದರೆ, ಡಾಗ್ನಿ ಬರೆದರೆ ಬರೆದ ಹಾಗೆ ಎಂಬ ಮಾತೊಂದೇ. ಎದ್ದು ನಿಂತು ಪುಸ್ತಕ ತೆರೆದು ಓದಿದಳು.

"ಅಲ್ವೇ, ಹಳ್ಳದ ಆ ಕಡೆ ಗಾಳಿ ಬೀಸಲ್ವೇನೆ?" ಎಂದಳು ಥೋರಾ. ಎಲ್ಲರೂ ನಕ್ಕರು.

ಆ ನಗೆಯೇ ಕೆಲಸ ಕೆಡಿಸಿತು. ಡಾಗ್ನಿಯ ಕಿವಿ ಕೆಂಪಾಯಿತು. "ಬರೆಸಿದೋಳು ನೀನೇ," ಎಂದಳು. "ಬೇಕಿದ್ರೆ ಗೆರೆ ಎಳೆದಿರೋದನ್ನೂ ತೋರಿಸ್ತೀನಿ."

ಥೋರಾ ಮತ್ತೆ ತಮಾಷೆ ಮಾಡಲಿಲ್ಲ. "ನಾನು ಪಟ್ಟಣದೋರ್ಗೆ ಅಂತ ಬರೆಸಿದ್ದು ಡಾಗ್ನಿ," ಎಂದು ಕೋಟು ಹಾಕಿಕೊಂಡಳು. ಅವಳ ಮುಂದಿನ ತಟ್ಟೆಯಲ್ಲಿ ಕೇಕು ಹಾಗೇ ಇತ್ತು. ಅವಳ ಪಾಲನ್ನು ವಿಲ್ಲಾಡ್ಸ್ ತನ್ನ ಸೊಸೆಯ ಹೆಸರಿಗೆ ಕೊಂಡ. ಪಾಲಿನ ಜೊತೆ ಆ ಮನೆಗೆ ಇನ್ನೊಂದು ಕೈಯೂ ಹೋಯಿತು ಎಂದು ಆಗ ಯಾರೂ ಯೋಚಿಸಲಿಲ್ಲ.

ಆಮೇಲೆ ಹದಿನಾಲ್ಕು ವರ್ಷ ಅವರಿಬ್ಬರದು ಅಂಗಡಿಯಲ್ಲಿ ಸಿಕ್ಕಿದರೆ ತಲೆ ಅಲ್ಲಾಡಿಸುವಷ್ಟೇ ಗೆಳೆತನ. ಡಾಗ್ನಿ ಒಂದೆರಡು ಸಲ ಹುಟ್ಟುಹಬ್ಬಕ್ಕೆ ಕೇಕು ಕಟ್ಟಿಕೊಂಡು ಹಳ್ಳದವರೆಗೂ ಹೋಗಿ ತಿರುಗಿ ಬಂದಳು. ತಾನು ತಪ್ಪು ಮಾಡಿಲ್ಲ ಎಂಬುದು ಅವಳಿಗೆ ಖಂಡಿತವಾಗಿತ್ತು. ತಪ್ಪು ಮಾಡಿದ್ದರೆ ಕ್ಷಮೆ ಕೇಳಬಹುದಿತ್ತು, ಮಾಡದಿದ್ದುದಕ್ಕೆ ಏನೆಂದು ಕೇಳುವುದು?

ಗಿರಣಿಗೆ ವಯಸ್ಸಾಯಿತು. ಸಂಘದವರಲ್ಲೂ ಬಹಳ ಜನ ಮಣ್ಣು ಸೇರಿದರು, ಪಾಲು ಮಕ್ಕಳ ಕೈಗೆ ಬಂತು. ಒಂದು ವಸಂತದಲ್ಲಿ ಪಟ್ಟಣದ ಕಂಪನಿಯೊಂದು ಬಂದು ಹಳೆಯ ಗಿರಣಿಯನ್ನು ಕೊಂಡು ಕೆಡವುತ್ತೇವೆ, ಅದೇ ಜಾಗದಲ್ಲಿ ಮೂರು ಎತ್ತರದ ಗಿರಣಿ ನಿಲ್ಲಿಸುತ್ತೇವೆ ಎಂದಿತು. ಅಷ್ಟು ಎತ್ತರದ್ದರ ಹತ್ತಿರ ಮನೆ ಇರಕೂಡದು. ಎಂದರೆ ವಿಲ್ಲಾಡ್ಸ್ ಡಾಗ್ನಿಯ ಬಾಡಿಗೆ ಮನೆಯನ್ನೂ ಕಂಪನಿಗೆ ಕೊಡುತ್ತಾನೆ, ಅದನ್ನೂ ಕೆಡವುತ್ತಾರೆ. ಹಳೆಯ ಗಿರಣಿ ಅಲ್ಲಿರುವವರೆಗೆ ನೆಲ ಸಂಘದ್ದು, ಅವನು ಏನೂ ಮಾಡುವಂತಿಲ್ಲ. ಎಪ್ಪತ್ತೈದರ ಡಾಗ್ನಿಯ ಸೂರು ಸಭೆಯ ಕೈಗಳಿಗೆ ನೇತುಬಿದ್ದಿತ್ತು.

ವಿಲ್ಲಾಡ್ಸ್ ತಾನೇ ಬಂದು ಅಡುಗೆಮನೆಯಲ್ಲಿ ಕುಳಿತ. "ಗಿರಣಿ ಮುದಿ ಕುದುರೆ ಆಯ್ತು ಡಾಗ್ನಿ. ಮೇವಿಗಿಂತ ಮದ್ದಿನ ಖರ್ಚೇ ಜಾಸ್ತಿ."

"ಅಕ್ಸೆಲ್ ಇನ್ನೂ ಹತ್ತು ವರ್ಷ ತಿರುಗುತ್ತೆ ಅಂತಾನೆ."

"ಅಕ್ಸೆಲ್‌ಗೆ ತನ್ನ ಮಂಡಿಯೇ ತಿರುಗಲ್ಲ. ಪಟ್ಟಣದಲ್ಲಿ ನಿಂಗೊಂದು ಚೊಕ್ಕ ಮನೆ ನೋಡಿದೀನಿ. ಲಿಫ್ಟಿದೆ."

"ನಾನೆಲ್ಲಿಗೆ ಏರ್ಬೇಕು ವಿಲ್ಲಾಡ್ಸ್?" ಎಂದಳು ಡಾಗ್ನಿ. ಅವನು ಕಾಫಿ ಕುಡಿದು ಎದ್ದ.

ಸಭೆಗೆ ಉಳಿದಿದ್ದ ಮೂರು ವಾರ ಅವಳು ಮತ್ತೆ ಮನೆ ಮನೆ ಸುತ್ತಿದಳು. ಈಗ ಸೈಕಲ್ಲು ಇಲ್ಲ, ಜೊತೆಗೆ ಮಾತಾಡುವವಳೂ ಇಲ್ಲ. ಬಾಗಿಲು ತೆರೆದವರು ಮರ್ಯಾದೆಯಿಂದಲೇ ಕೂರಿಸಿದರು. ಆದರೆ ನಗಿಸಲು ಅವಳಿಗೆ ಬರುತ್ತಿರಲಿಲ್ಲ. ನಿಯಮ ಹೇಳಿದಳು, ಲೆಕ್ಕ ಹೇಳಿದಳು. ಬಡಗಿಯ ಮಗ ಗಡಿಯಾರ ನೋಡಿಕೊಂಡ.

ಸಭೆಯ ದಿನ ಕೇಕಿನ ಸರದಿ ಡಾಗ್ನಿಯದೇ ಆಗಿತ್ತು. ಪದರ ಪದರವಾಗಿ ಜಾಮು ಸವರಿ, ಕೆನೆ ಹಚ್ಚಿ ಎರಡು ದೊಡ್ಡ ಕೇಕು ತಂದಿದ್ದಳು. ಹಾಡು ಮುಗಿಯಿತು. ಮೂವತ್ತೆರಡು ಜನ ಬಂದಿದ್ದರು. ಮಾರುವುದು ಬೇಡ ಎನ್ನುವವರು ಎಂದಾಗ ಎಂಟು ಕೈ ಎದ್ದವು. ಮಾರೋಣ ಎಂದಾಗ ಇಪ್ಪತ್ನಾಲ್ಕು. ಲೆಕ್ಕ ಹಾಕಬೇಕಾದವಳು ಡಾಗ್ನಿಯೇ. ಎರಡು ಸಲ ಎಣಿಸಿದಳು. ನಾಲ್ವರಿಗೆ ಮೂವರು, ಕೂದಲೆಳೆಯಷ್ಟೂ ಹೆಚ್ಚಿಲ್ಲ, ಕಡಿಮೆಯಿಲ್ಲ. ಬೇಡ ಎನ್ನುವ ಕೈ ಇನ್ನೊಂದಿದ್ದಿದ್ದರೆ ಗಿರಣಿ ಉಳಿಯುತ್ತಿತ್ತು. ಮಾರೋಣ ಎಂದು ಎದ್ದಿದ್ದ ಕೈಗಳ ನಡುವೆ ವಿಲ್ಲಾಡ್ಸನ ಸೊಸೆಯ ಕೈಯೂ ಇತ್ತು, ಉಗುರಿಗೆ ಗುಲಾಬಿ ಬಣ್ಣ ಹಚ್ಚಿದ ಕೈ. ಒಂದು ಕಾಲಕ್ಕೆ ಅದು ಮೀನಿನ ವಾಸನೆ ಹತ್ತಿದ ಥೋರಾಳ ಕೈಯಾಗಿತ್ತು.

"ಬರ್ಕೋ ಡಾಗ್ನಿ," ಎಂದ ವಿಲ್ಲಾಡ್ಸ್ ಮೆತ್ತಗೆ.

ಅವಳು ಬರೆದಳು. ಅಕ್ಷರ ಒಂದೂ ಅಲುಗಲಿಲ್ಲ. ಆಮೇಲೆ ಎದ್ದು ಕೇಕನ್ನು ಮೂವತ್ತೆರಡು ಚೂರು ಮಾಡಿ ಎಲ್ಲರ ತಟ್ಟೆಗೂ ಬಡಿಸಿದಳು. ಚೆನ್ನಾಗಿದೆ, ಚೆನ್ನಾಗಿದೆ ಎಂದು ತಿಂದರು.

ಮನೆ ಖಾಲಿ ಮಾಡುವ ದಿನ ಥೋರಾ ಬಂದಳು. ಬಾಗಿಲು ತಟ್ಟದೆ ಒಳಗೆ ಬಂದು, ಕಟ್ಟಿಟ್ಟ ಪೆಟ್ಟಿಗೆಯೊಂದರ ಮೇಲೆ ಕುಳಿತಳು. ತುಂಬಾ ಸಣ್ಣಗಾಗಿದ್ದಳು. ಡಾಗ್ನಿ ಹುಡುಕಿ ಹುಡುಕಿ ಎರಡು ಬಟ್ಟಲು ತೆಗೆದು ಕಾಫಿ ಹಾಕಿದಳು. ಹೊರಗೆ ಗಿರಣಿಯನ್ನು ಆಗಲೇ ನಿಲ್ಲಿಸಿದ್ದರು. ಸದ್ದಿಲ್ಲದ ಮನೆ ಡಾಗ್ನಿಗೆ ಬೇರೆಯವರ ಮನೆಯ ಹಾಗೆ ಕಾಣುತ್ತಿತ್ತು.

"ಒಂದು ಕೈ ಕಮ್ಮಿ ಆಯ್ತಂತೆ," ಎಂದಳು ಥೋರಾ.

"ಹೂಂ. ಒಂದೇ."

"ನೀನು ಅದನ್ನೇ ನೆನೆಸ್ಕೊಂಡು ಕೊರಗ್ತಿದ್ದೀಯಂತೆ. ಅಂಗಡಿಯವಳು ಹೇಳಿದ್ಲು."

ಡಾಗ್ನಿ ಬಟ್ಟಲು ಕೆಳಗಿಟ್ಟಳು. ಹದಿನಾಲ್ಕು ವರ್ಷ ಗಂಟಲಲ್ಲಿದ್ದ ಮಾತು ಬಾಯಿಗೆ ಬಂದಿತ್ತು. "ಥೋರಾ, ಆವತ್ತು ನಾನು..."

"ಕೊರಗ್ಬೇಡ," ಎಂದು ಥೋರಾ ನಡುವೆ ಬಾಯಿ ಹಾಕಿದಳು. "ನಾನು ಆ ಸಭೇಲಿ ಇದ್ದಿದ್ರೂ ಮಾರೋಣ ಅಂತ್ಲೇ ಕೈ ಎತ್ತಿರ್ತಿದ್ದೆ."

ಅವಳ ಮುಖದಲ್ಲಿ ನಗೆ ಇರಲಿಲ್ಲ, ಸಿಟ್ಟೂ ಇರಲಿಲ್ಲ. ಕಾಫಿ ಮುಗಿಸಿ, ಬಟ್ಟಲನ್ನು ತಾನೇ ತೊಳೆದು, ಹಳೆಯ ಪತ್ರಿಕೆಯಲ್ಲಿ ಸುತ್ತಿ ಪೆಟ್ಟಿಗೆಯಲ್ಲಿಟ್ಟು ಹೊರಟಳು. ಅವಳು ಹೊಲದ ದಾರಿ ಹಿಡಿದು ಹಳ್ಳದ ಕಡೆ ನಡೆದು ಹೋಗುವುದನ್ನು ಡಾಗ್ನಿ ಕಿಟಕಿಯಲ್ಲಿ ನಿಂತು ನೋಡಿದಳು. ಥೋರಾ ಒಮ್ಮೆಯೂ ತಿರುಗಿ ನೋಡಲಿಲ್ಲ.

ಪಟ್ಟಣದ ಮನೆ ಬೆಚ್ಚಗಿದೆ. ಗೋಡೆಯೊಳಗೆ ಬಿಸಿನೀರಿನ ಕೊಳವೆ, ಕಿಟಕಿಗೆ ಎರಡು ಪದರ ಗಾಜು. ಬಿಲ್ಲು ತಿಂಗಳು ತಿಂಗಳೂ ಬರುತ್ತದೆ, ಪಾಲಿನಿಂದ ಬಂದ ದುಡ್ಡು ಅದಕ್ಕೇ ಕರಗುತ್ತಿದೆ. ಆಕಾಶ ತಿಳಿಯಾಗಿರುವ ದಿನ ಆ ಮೂರು ಗಿರಣಿಗಳ ಬಿಳಿ ರೆಕ್ಕೆಗಳು ದೂರದಲ್ಲಿ ತಿರುಗುವುದು ಕಾಣುತ್ತದೆ. ಡಾಗ್ನಿ ಪರದೆ ಎಳೆದುಕೊಂಡು ಕೂರುತ್ತಾಳೆ. ಥೋರಾ ಅಂದದ್ದು ತನ್ನ ಕೊರಗು ಕಳೆಯಲೋ, ತನಗೆ ಕೊನೆಯದಾಗಿ ಒಂದು ಏಟು ಕೊಡಲೋ ಎಂದು ಆ ಮಾತನ್ನೇ ತಿರುಗಿಸಿ ತಿರುಗಿಸಿ ನೋಡುತ್ತಾಳೆ. ಕೇಳೋಣವೆಂದರೆ ಥೋರಾಳನ್ನು ಆ ವರ್ಷದ ಚಳಿಗಾಲದಲ್ಲೇ ಹಳ್ಳದ ಆಚೆಯ ಚರ್ಚಿನ ಅಂಗಳದಲ್ಲಿ ಮಣ್ಣು ಮಾಡಿದರು.