ಬರಿ ಕಂಬದ ಬಾಗಿಲಲ್ಲಿ ನಿಂತವರು

ಹೆಲ್ಮೆಟ್ಟಿನ ಪಟ್ಟಿ ಕೂರುವ ಗೆರೆಯೊಂದನ್ನು ಬಿಟ್ಟರೆ ಮೇಡಂ ಮುಖವೆಲ್ಲ ಬಿಸಿಲಿಗೆ ಕಪ್ಪಿಟ್ಟಿತ್ತು. ಹೊಸದುರ್ಗದ ಕಡೆಯವರು. ಹೊಳಲ್ಕೆರೆ ಗುಡ್ಡಗಳ ಮೇಲೆ ಗಾಳಿಯಂತ್ರ ನಿಲ್ಲಿಸುವ ಕೆಲಸಕ್ಕೆ ಅವರು ಎಂಜಿನಿಯರು; ನಾನು ಯಂತ್ರ ಹೊರುವ ಟೊಳ್ಳು ಉಕ್ಕಿನ ಕಂಬದ ಬೋಲ್ಟ್ ಬಿಗಿಯುವವನು. ಯಾರನ್ನೇ ಮೇಲೆ ಹತ್ತಿಸುವ ಮುಂಚೆ ಮೇಡಂ ಗಾಳಿಗೆ ಮುಖ ಕೊಟ್ಟು, ಕಣ್ಣು ಮುಚ್ಚಿ ಸ್ವಲ್ಪ ಹೊತ್ತು ನಿಲ್ಲುವರು. ಕೈಯಲ್ಲಿ ಗಾಳಿ ಅಳೆಯುವ ಮೀಟರ್ ಇದ್ದರೂ ಆ ಅಭ್ಯಾಸ ಬಿಟ್ಟಿರಲಿಲ್ಲ.

"ಗಾಳಿ ಹುಚ್ಚುಹುಚ್ಚಾಗಿ ಬೀಸಿದ್ರೆ ಬರಿ ಕಂಬಕ್ಕೆ ಅಷ್ಟು ಭಯ ಇಲ್ಲ. ಒಂದೇ ಸಮ ಬೀಸಾಕೆ ಹತ್ತಿದ್ರೆ ಹುಷಾರಾಗಿರ್ರಿ" ಎನ್ನುವರು. ನಮಗದು ತಲೆಕೆಳಗಾದ ಮಾತೆನಿಸುತ್ತಿತ್ತು. ಅವರೇ ಬಿಡಿಸಿ ಹೇಳಿದರು: ದುಂಡು ಕಂಬವನ್ನು ದಾಟುವ ಗಾಳಿ ಅದರ ಹಿಂದೆ ಒಮ್ಮೆ ಈ ಪಕ್ಕ, ಒಮ್ಮೆ ಆ ಪಕ್ಕ ಸುಳಿ ಬಿಡುತ್ತದೆ. ಪ್ರತಿ ಸುಳಿಯೂ ಕಂಬವನ್ನು ತನ್ನತ್ತ ಎಳೆಯುತ್ತದೆ. ಆ ಎಳೆತ ಕಂಬದ ಸ್ವಂತ ತೂಗಾಟಕ್ಕೆ ತಾಳ ಹೊಂದಿತೋ, ತೂಗಾಟ ಬೆಳೆಯುತ್ತಲೇ ಹೋಗುತ್ತದೆ. ಗಾಳಿ ಏರಿಳಿದರೆ ತಾಳ ತಪ್ಪುತ್ತದೆ. ತುದಿಯಲ್ಲಿ ಯಂತ್ರ ಕೂರದ ಬರಿ ಕಂಬಕ್ಕೇ ಈ ಕಾಟ ಹೆಚ್ಚು.

ಒಂದು ದಿನ ಕಂಬದ ಕೊನೆಯ ತುಂಡು ಕೂರಿಸಿದ ಮೇಲೆ ಕ್ರೇನ್ ಕೆಟ್ಟಿತು, ಯಂತ್ರ ಏರಿಸುವಂತಿರಲಿಲ್ಲ. ಬೆಳಗಿನಿಂದ ಗಾಳಿ ಬಿಟ್ಟುಬಿಟ್ಟು ಬೀಸುತ್ತಿತ್ತು. ಸಂಜೆವರೆಗೂ ಹೀಗೇ ಇರುತ್ತದೆಂದು ಅಂದಾಜು ಮಾಡಿ ಮೇಡಂ ನನ್ನನ್ನೂ ಇನ್ನೊಬ್ಬನನ್ನೂ ಬೋಲ್ಟ್ ಬಿಗಿಯಲು ತುದಿಗೆ ಕಳಿಸಿದರು. ಮಧ್ಯಾಹ್ನ ದಾಟುತ್ತಲೇ ಗಾಳಿ ಸಮವಾಯಿತು. ಬೀಸುವುದು ಪಶ್ಚಿಮದಿಂದ, ಕಂಬ ತೂಗುವುದು ಉತ್ತರ ದಕ್ಷಿಣಕ್ಕೆ. ಮೊದಲು ಮೆಲ್ಲಗೆ, ಆಮೇಲೆ ಕಾಲಬಳಿ ಇಟ್ಟ ಸ್ಪ್ಯಾನರ್ ಜಾರಿ ಹೋಗಿ ಕಬ್ಬಿಣದ ಗೋಡೆಗೆ ಬಡಿಯುವಷ್ಟು. ಜೊತೆಗಾರ ವಾಂತಿ ಮಾಡಿಕೊಂಡ. ಸಾವು ಬಂತೆಂದೇ ನಾನು ಒಳಗಿನ ಏಣಿಗೆ ಕಾಲಿಟ್ಟೆ.

ವಾಕಿಟಾಕಿಯಲ್ಲಿ ಮೇಡಂ ದನಿ ಬಂತು. "ಇಳೀಬೇಡ್ರಿ. ಏಣಿ ಮ್ಯಾಲೆ ಕೈ ತಪ್ಪತೈತೆ. ಬೆಲ್ಟಿನ ಎರಡೂ ಕೊಕ್ಕೆ ಹಾಕ್ಕಂಡು ಕುಂತ್ಕಳ್ರಿ. ಗಾಳಿ ಕದಡಲಿ, ನಾನು ಹೇಳ್ತೀನಿ."

ಎಲ್ಲಿದ್ದೀರೆಂದು ಕೇಳಿದೆ.

"ಕಂಬದ ಬಾಗಿಲಾಗೇ ನಿಂತೀನಿ."

ಕಂಬ ಬಿದ್ದೀತೆಂದು ಉಳಿದವರನ್ನೆಲ್ಲ ದೂರ ಅಟ್ಟಿ ಅವರೊಬ್ಬರೇ ಅಲ್ಲಿ ನಿಂತಿದ್ದರೆಂದು ಆಮೇಲೆ ತಿಳಿಯಿತು. ನಾವು ಕಣ್ಣು ಮುಚ್ಚಿ ಕೂತೆವು. ಎಷ್ಟು ಹೊತ್ತೋ ಗೊತ್ತಿಲ್ಲ. ಒಮ್ಮೆಲೇ ಗಾಳಿ ರಭಸವಾಗಿ ಅಪ್ಪಳಿಸಿ, ನಿಂತು, ಮತ್ತೆ ಬೇರೆ ದಿಕ್ಕಿನಿಂದ ನುಗ್ಗಿತು. ಕಂಬ ಒಂದು ಸಲ ನಡುಗಿತು, ತೂಗಾಟ ಕಮ್ಮಿಯಾಗುತ್ತ ಬಂತು. "ಈಗ ಇಳೀರಿ, ನಿಧಾನ" ಎಂದರು. ಕೆಳಗೆ ಬಂದಾಗ ನನ್ನ ತೋಳು ಹಿಡಿದುಕೊಂಡರು.

ಮಾರನೆಯ ಬೆಳಿಗ್ಗೆ ಮೇಡಂ ಬಿ.ದುರ್ಗದ ನಮ್ಮ ಮನೆಗೆ ಬಂದರು. ಚಾಪೆ ಹಾಸಿದರೂ ಕೂರದೆ ನನ್ನ ಹೆಂಡತಿಗೆ ನಡೆದದ್ದೆಲ್ಲ ಹೇಳಿದರು. ಅಂದಾಜು ತಪ್ಪಿದ್ದು ತಮ್ಮದೇ ಎಂದರು. ನಾನು ಹತ್ತುವುದು ಅವಳಿಗೆ ಬೇಡವೆನಿಸಿದರೆ ನನಗೆ ಕೆಳಗಡೆ ಕೆಲಸ ಕೊಡುವುದಾಗಿ ಹೇಳಿದರು. ಅವಳು ಮಜ್ಜಿಗೆ ಲೋಟ ಅವರ ಕೈಗಿಟ್ಟಳು.

"ನೀವು ಕೆಳಗೆ ನಿಂತಿರಾದಾದ್ರೆ ಹತ್ಲಿ ಬಿಡ್ರಿ, ಅಕ್ಕಾ."

ಅಲ್ಲಿಂದಾಚೆ ಕಂಬಕ್ಕೆ ದಪ್ಪ ಹಗ್ಗವನ್ನು ಬಳ್ಳಿಯಂತೆ ಸುತ್ತಿಸದೆ ಮೇಡಂ ಯಾರನ್ನೂ ಹತ್ತಿಸಲಿಲ್ಲ. ಹಗ್ಗ ಸುಳಿಗಳನ್ನು ಒಡೆಯುತ್ತದೆ. ತಡವಾಯಿತೆಂದು ಕಂಪನಿಯ ಮೇಲಿನವರು ಬೈದರು, ಅವರು ಬೈಸಿಕೊಂಡರು.

ಹೋದ ಮಳೆಗಾಲದಲ್ಲಿ ಕಾಯಿಲೆಯಾಗಿ ಮೇಡಂ ತೀರಿಕೊಂಡರು. ಹೊಸದುರ್ಗಕ್ಕೆ ಹೋಗಿ ಮಣ್ಣು ಹಾಕಿ ಬಂದೆವು. ಮರುದಿನ ಕೆಲಸಕ್ಕೆ ಹೊರಟಾಗ ಹೆಂಡತಿ ಬುತ್ತಿ ಕೊಡದೆ ಕೈಯಲ್ಲೇ ಹಿಡಿದುಕೊಂಡು ಕೇಳಿದಳು:

"ಇವತ್ತು ಕೆಳಗೆ ಯಾರು ನಿಲ್ತಾರೆ?"