ಹೊಳೆಯ ಮರಳಲ್ಲಿ ಕಳೆದ ಬೇಸಿಗೆ

ನಮ್ಮ ಸೀಮೆ ಮದರಾಸನ್ನು ಬಿಟ್ಟು ಆಂಧ್ರಕ್ಕೆ ಸೇರಿದ ಮರುವರ್ಷ ನನ್ನ ಎದೆ ಕೆಟ್ಟಿತು. ಆದೋನಿಯ ಒಂದು ಹತ್ತಿ ಮಿಲ್ಲಿನಲ್ಲಿ, ಹತ್ತಿಯಿಂದ ಬೀಜ ಬಿಡಿಸುವ ಯಂತ್ರಗಳನ್ನು ನೋಡಿಕೊಳ್ಳುವ ಕೆಲಸ ನನ್ನದು. ಮೀಸೆ ಚಿಗುರುವ ಮೊದಲೇ ಸೇರಿದವನು. ಒಳಗೆ ಸದಾ ಬಿಳಿ ಧೂಳು ಹಾರುತ್ತಿತ್ತು. ರೆಪ್ಪೆಯ ಮೇಲೆ, ಮೂಗಿನೊಳಗೆ, ಬುತ್ತಿಯ ಅನ್ನದ ಮೇಲೂ ಅದೇ. ಮೂವತ್ತು ದಾಟುವ ಹೊತ್ತಿಗೆ ಒಂದು ಕೊಡ ನೀರು ಎತ್ತಿದರೂ ಉಸಿರು ಸಿಕ್ಕಿಕೊಳ್ಳುತ್ತಿತ್ತು.

ಡಾಕ್ಟರು ಬೆನ್ನಿಗೆ ಕಿವಿಯಿಟ್ಟು ಕೇಳಿ, "ನಿನ್ನ ಎದಿಯಾಗ ಗಾಳಿಗಿಂತ ಹತ್ತೀನ ಜಾಸ್ತಿ ಐತಿ. ಮಳಿ ಬರೋತನಕ ಮಿಲ್ಲಿನ ಕಡೆ ತಲಿ ಹಾಕಬ್ಯಾಡ. ಎಲ್ಲೆರ ಹೊಳಿ ದಂಡಿಗೆ ಹೋಗಿ ಸುಮ್ಮನ ಕುಂದ್ರು" ಎಂದರು.

ಹೆಂಡತಿ ಶೇಂಗಾ ಕಾರ್ಖಾನೆಯ ಕೆಲಸ ಬಿಟ್ಟು ಬರುವಂತಿರಲಿಲ್ಲ. "ನೀವು ಹೋಗ್ರಿ. ನಿಮ್ಮ ಕೆಮ್ಮು ಕೇಳಿ ಕೇಳಿ ನನಗೂ ಸಾಕಾಗೈತಿ" ಎಂದಳು. ಸಿಟ್ಟಿನಿಂದಲ್ಲ, ದಣಿವಿನಿಂದ ಹೇಳಿದ್ದು. ನಾನು ಒಂದು ಚಾದರ ಸುತ್ತಿ ಹೆಗಲಿಗೆ ಹಾಕಿಕೊಂಡು ಹೊಳೆದಂಡೆಯ ನಾಗಲದಿನ್ನೆಗೆ, ನನ್ನ ಸೋದರತ್ತೆಯ ಮನೆಗೆ ಹೋದೆ.

ತುಂಗಭದ್ರೆ ಬೇಸಿಗೆಯಲ್ಲಿ ಸಣ್ಣಗಾಗಿ ಒಂದು ಮಗ್ಗುಲಿಗೆ ಹರಿದರೆ ಉಳಿದದ್ದೆಲ್ಲ ಮರಳು. ಅತ್ತೆ ಆ ಮರಳಿನಲ್ಲಿ ಗುಂಡಿ ತೋಡಿ, ಗೊಬ್ಬರ ಹಾಕಿ, ಕಲ್ಲಂಗಡಿ ಬಳ್ಳಿ ಹಬ್ಬಿಸುತ್ತಿದ್ದಳು. ಅರವತ್ತರ ಹೆಂಗಸು, ಮಾತು ಒರಟು. ನನ್ನನ್ನು ಮೇಲಿಂದ ಕೆಳಗೆ ನೋಡಿ, "ಹೊರಾಕ ಆಗೋದಿಲ್ಲ, ಅಗಿಯಾಕ ಆಗೋದಿಲ್ಲ. ಕಾವಲಕ್ಕೆರ ಕುಂದ್ರು. ನರಿ ಬಂದ್ರ ಕೂಗು" ಎಂದು ಗರಿಯ ಗುಡಿಸಲಿಗೆ ಕಳಿಸಿದಳು.

ಸುಮ್ಮನೆ ಕೂಡುವುದು ಇಷ್ಟು ಕಷ್ಟವೆಂದು ನನಗೆ ಗೊತ್ತಿರಲಿಲ್ಲ. ಮೊದಲ ವಾರ ಕಿವಿಯಲ್ಲಿ ಮಿಲ್ಲು ಓಡುತ್ತಲೇ ಇತ್ತು. ಕಾಲು ತಾನಾಗಿ ಕುಣಿಯುತ್ತಿತ್ತು. ಎದ್ದು ನಾಲ್ಕು ಹೆಜ್ಜೆ ಹಾಕುವುದು, ಕೆಮ್ಮುವುದು, ಮತ್ತೆ ಕೂಡುವುದು. ಬಿಸಿಲು ಏರಿದರೆ ಮರಳು ಕಣ್ಣಿಗೆ ಚುಚ್ಚುತ್ತಿತ್ತು. ಕೆಲಸಕ್ಕೆ ಬಾರದವನಾದೆ ಎಂಬ ಯೋಚನೆ ಒಂದೇ.

ಆಮೇಲೆ ಎಂದೋ ಒಂದು ಬೆಳಿಗ್ಗೆ, ಯೋಚಿಸಲಿಕ್ಕೂ ಶಕ್ತಿ ಇಲ್ಲದೆ ಮರಳನ್ನೇ ನೋಡುತ್ತಾ ಕೂತಿದ್ದೆ. ಮರಳಿನ ಮೇಲೆ ಗೆರೆಗಳಿದ್ದವು. ಒಂದು ಆಮೆ ನೀರಿನಿಂದ ಎದ್ದು ಬಂದು ಹಿಂತಿರುಗಿದ ಗೆರೆ. ಅದರ ಮೇಲೆ ಅಡ್ಡಲಾಗಿ ಹಕ್ಕಿಯ ಕಾಲುಗಳು. ಗಾಳಿ ಬೀಸಿದ ಹಾಗೆಲ್ಲ ಒಂದೊಂದಾಗಿ ಅಳಿಯುತ್ತಾ ಹೋದವು. ಎಲ್ಲ ಅಳಿಯುವವರೆಗೂ ನೋಡಿದೆ. ಅಷ್ಟು ಹೊತ್ತು ನಾನು ಕೆಮ್ಮಿರಲಿಲ್ಲ ಎಂಬುದು ಆಮೇಲೆ ತಿಳಿಯಿತು.

ಅಂದಿನಿಂದ ನೋಡುವುದೇ ಕೆಲಸವಾಯಿತು. ಬಳ್ಳಿಯ ತುದಿ ಬೆಳಿಗ್ಗೆ ಎಲ್ಲಿತ್ತು, ಸಂಜೆಗೆ ಎಲ್ಲಿಗೆ ಬಂತು. ಜಾಲಿಯ ನೆರಳು ಎತ್ತ ತಿರುಗಿತು. ಗುಡಿಸಲಿನ ಆಚೆ, ಬರೀ ಮರಳಿನಲ್ಲಿ ಒಂದು ಜೋಡಿ ಮೀನುಹಕ್ಕಿ ಮೊಟ್ಟೆ ಇಟ್ಟಿದ್ದವು. ಬೂದಿ ಮೈ, ಕರಿ ತಲೆ, ಹಳದಿ ಕೊಕ್ಕು, ಕತ್ತರಿಯಂಥ ಬಾಲ. ಗೂಡು ಎನ್ನಲು ಒಂದು ಕಡ್ಡಿಯೂ ಇಲ್ಲ, ಮರಳಿನಲ್ಲಿ ಒಂದು ತಗ್ಗು ಅಷ್ಟೆ. ಉರಿಬಿಸಿಲಿನಲ್ಲಿ ಒಂದು ಹಕ್ಕಿ ಮೊಟ್ಟೆಯ ಮೇಲೆ ಬಾಯಿ ತೆರೆದುಕೊಂಡು ಕೂತಿರುತ್ತಿತ್ತು. ಇನ್ನೊಂದು ಹೊಳೆಗೆ ಹೋಗಿ ಎದೆ ನೆನೆಸಿಕೊಂಡು ಬಂದು ಜಾಗ ಬದಲಿಸುತ್ತಿತ್ತು. ಅದಕ್ಕೂ ಏದುಸಿರು, ನನಗೂ ಏದುಸಿರು. ಇಬ್ಬರೂ ಕೂತೇ ಇರುತ್ತಿದ್ದೆವು.

"ಹಕ್ಕಿ ಏನ್ ನೋಡ್ತೀಯೋ, ಕಾಯಿ ನೋಡು" ಎಂದು ಅತ್ತೆ ಬುತ್ತಿ ತಂದಾಗಲೆಲ್ಲ ಬೈಯುತ್ತಿದ್ದಳು. ನಾನು ಎರಡನ್ನೂ ನೋಡುತ್ತಿದ್ದೆ.

ಮುಂಗಾರಿಗೆ ಇನ್ನೂ ದಿನಗಳಿದ್ದವು. ಒಂದು ಬೆಳಿಗ್ಗೆ ಹಕ್ಕಿಗಳ ಕೂಗು ಬೇರೆಯಾಗಿತ್ತು. ಹೊಳೆಯ ಕಡೆ ನೋಡಿದೆ. ದಿನವೂ ನೋಡುತ್ತಿದ್ದ ಚಪ್ಪಟೆ ಬಂಡೆ ಕಾಣಲಿಲ್ಲ. ನೀರು ಕೆಂಪಾಗಿ, ಸದ್ದಿಲ್ಲದೆ, ಮರಳಿನ ಮೇಲೆ ಚಾಪೆ ಹಾಸಿದಂತೆ ಬರುತ್ತಿತ್ತು. ನಮ್ಮಲ್ಲಿ ಒಂದು ಹನಿ ಬಿದ್ದಿರಲಿಲ್ಲ. ಮೇಲಿನ ಸೀಮೆಯಲ್ಲಿ ಮಳೆ ಹೊಡೆದಿರಬೇಕು. ಎದ್ದು ಊರಿನ ಕಡೆ ಕೂಗಿದೆ. ದನಿ ಸಾಲಲಿಲ್ಲ. ಓಡಲು ಹೋಗಿ ಅರ್ಧದಲ್ಲೇ ಕುಸಿದೆ. ಬುತ್ತಿ ಹಿಡಿದು ಬರುತ್ತಿದ್ದ ಅತ್ತೆ ನನ್ನನ್ನು ಕಂಡು ಬುತ್ತಿ ಅಲ್ಲೇ ಇಟ್ಟು ಓಡಿ ಬಂದಳು.

"ನೀರು, ಅತ್ತಿ."

"ಕಾಯಿ ಹರಿ, ಜಲ್ದಿ! ಬಲ್ತದ್ದಷ್ಟ!"

ನಾನು ಕಾಯಿ ಹರಿದು ಉರುಳಿಸಿದೆ, ಅವಳು ಹೊತ್ತು ದಂಡೆಗೆ ಸಾಗಿಸಿದಳು. ಎದೆ ಒಡೆಯುತ್ತದೆಂದು ಅನಿಸಿತು. ಅರ್ಧ ಬಳ್ಳಿ ಮುಳುಗುವ ಹೊತ್ತಿಗೆ ಹಕ್ಕಿಗಳ ನೆನಪಾಯಿತು. ತಗ್ಗಿನ ಹತ್ತಿರ ಹೋದಾಗ ನೀರು ಒಂದು ಗೇಣಿನಷ್ಟು ದೂರದಲ್ಲಿತ್ತು. ಮೊಟ್ಟೆಗಳನ್ನು ಟವಲಿನಲ್ಲಿ ಎತ್ತಿಕೊಂಡು ದಂಡೆಯ ಹತ್ತಿರದ ಎತ್ತರದ ಮರಳಿನಲ್ಲಿ ಅಂಥದೇ ತಗ್ಗು ಮಾಡಿ ಇಟ್ಟು, ದೂರ ಸರಿದು ಕೂತೆ.

ಹಕ್ಕಿಗಳು ಬರಲಿಲ್ಲ. ಮುಳುಗಿದ ಜಾಗದ ಮೇಲೆಯೇ ಸುತ್ತಿದವು. ಇಳಿಯುವುದು, ನೀರು ತಾಗಿದ ಕೂಡಲೇ ಏಳುವುದು. ಇತ್ತ ಮೊಟ್ಟೆಗಳು ಬಿಸಿಲಿಗೆ ಬಿದ್ದಿದ್ದವು. ನನ್ನ ಟವಲು ನೆನೆಸಿ ಮೇಲೆ ನೆರಳು ಹಿಡಿದೆ. ಮಧ್ಯಾಹ್ನ ಕಳೆಯಿತು. ಅತ್ತೆ ಬಂದು ಪಕ್ಕದಲ್ಲಿ ಕೂತಳು. ಅವಳು ಕೂತದ್ದನ್ನು ನಾನು ನೋಡಿದ್ದು ಅದೇ ಮೊದಲು. ಸೀರೆಗೆ ಮೊಣಕಾಲಿನವರೆಗೆ ಕೆಸರು.

"ಪೋನೀಲೇ" ಎಂದಳು ತೆಲುಗಿನಲ್ಲಿ, ಹೋಗಲಿ ಬಿಡು ಎಂದು. ಸೆರಗಿನಿಂದ ಮುಖ ಒರೆಸಿಕೊಂಡು, "ಅವಕ್ಕ ತಮ್ಮ ಜಾಗಾನ ಗೊತ್ತು. ನೀ ಇಟ್ಟಿದ್ದು ಅವಕ್ಕ ಹೆಂಗ ತಿಳೀಬೇಕು?" ಎಂದಳು.

"ನಿನ್ನ ಬಳ್ಳಿನೂ ಹೋತಲ್ಲ ಅತ್ತಿ."

"ಹೋತು. ಬಾಳ ಸಾಕಾಗೈತಿ. ಇವತ್ತ ಏನೂ ಮಾಡಂಗಿಲ್ಲ ನಾನು."

ಹೊತ್ತು ಇಳಿಯುವವರೆಗೆ ಇಬ್ಬರೂ ನೀರು ನೋಡಿದೆವು. ಒಡೆದ ಒಂದು ಹಣ್ಣನ್ನು ಕೈಯಿಂದಲೇ ಬಗೆದು ತಿಂದೆವು. ಹಕ್ಕಿಗಳು ಮರುದಿನವೂ ಸುತ್ತಿದವು. ಆಮೇಲೆ ಹೊಳೆಯ ಕೆಳಗಿನ ಕಡೆ ಹಾರಿಹೋದವು. ಮೊಟ್ಟೆಗಳನ್ನು ಮರಳಿನಲ್ಲೇ ಮುಚ್ಚಿದೆ.

ಮಳೆ ಹಿಡಿದ ಮೇಲೆ ಆದೋನಿಗೆ ಬಂದೆ. ಯಂತ್ರದ ಮನೆಯೊಳಗೆ ನಿಲ್ಲಲಾರೆ ಎಂದು ಮಾಲೀಕರಿಗೆ ಹೇಳಿದೆ. ಅವರು ಮುಖ ಸಪ್ಪಗೆ ಮಾಡಿದರೂ, ಹೊರಗೆ ಅಂಗಳದಲ್ಲಿ ಗಾಡಿಗಳಿಂದ ಹತ್ತಿ ಇಳಿಸುವುದನ್ನು ನೋಡಿಕೊಳ್ಳಲು ಹಾಕಿದರು. ಎದೆ ಪೂರ್ತಿ ನೆಟ್ಟಗಾಗಲಿಲ್ಲ. ದಣಿವು ಈಗಲೂ ಇದೆ, ಸಂಜೆಯಾದರೆ ಮೈಮೇಲೆ ಮೂಟೆ ಇಟ್ಟಂತೆ. ಮಿಲ್ಲಿಗೆ ಹೋಗುವ ದಾರಿಯಲ್ಲಿ ಮಾತ್ರ ಅವಸರ ಮಾಡುವುದನ್ನು ಬಿಟ್ಟೆ. ಊರ ಪಕ್ಕದ ಬೆಟ್ಟದ ಬಂಡೆಗಳ ಮೇಲೆ ಬಿಸಿಲು ಇಳಿದು ಬರುವುದನ್ನು ನಿಂತು ನೋಡುತ್ತಿದ್ದೆ.

ಒಂದು ದಿನ ಜೊತೆಗೆ ಬರುತ್ತಿದ್ದ ಹೆಂಡತಿ ಮುಂದೆ ಹೋದವಳು ತಿರುಗಿ ಬಂದು, "ಏನ್ರಿ, ಉಸಿರು ಹಿಡೀತೇನು?" ಎಂದಳು.

"ಇಲ್ಲ. ಅಲ್ಲಿ ನೋಡು" ಎಂದೆ.

ಅವಳು ಬುತ್ತಿಯನ್ನು ಒಂದು ಸೊಂಟದಿಂದ ಇನ್ನೊಂದಕ್ಕೆ ಬದಲಿಸಿಕೊಂಡು, ತಡವಾಗುತ್ತದೆ ಎನ್ನುತ್ತಲೇ, ನನ್ನ ಪಕ್ಕ ನಿಂತು ನೋಡಿದಳು.